ಉಪ್ಪುಮಣ್ಣಿನ ಹದಿನೇಳು

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 8.10

ಇನ್‌ಕ್ಯುಬೇಟರ್ 37. ಸರಿ ಇದೆ. ನಲವತ್ತೊಂದು ಪ್ಲೇಟೂ ನೋಡಿದೆ. 9 ಸೋಮಾರಿ, ಇನ್ನೂ ಎದ್ದಿಲ್ಲ. 17 ಚೆನ್ನಾಗಿದೆ. ತಿಳಿ ಗುಲಾಬಿ, ಎಳೆಮಗುವಿನ ಉಗುರಿನ ಬಣ್ಣ.

ಕುಮಟಾ ಕಡೆಯ ಗಜನಿ ಗದ್ದೆ. ಉಬ್ಬರ ಬಂದಾಗ ಸಮುದ್ರದ ನೀರು ನುಗ್ಗುವ ಜಾಗ. ಆರು ವರ್ಷದ ಹಿಂದೆ ಅಲ್ಲಿಂದ ತಂದ ಒಂದು ಚೀಲ ಮಣ್ಣಿನಲ್ಲಿ ಉಪ್ಪುಪ್ರೇಮಿ ಬ್ಯಾಕ್ಟೀರಿಯ ನಲವತ್ತೊಂದು ಬಗೆ. ಬಿಳಿ, ಕೇಸರಿ, ಇಟ್ಟಿಗೆ ಕೆಂಪು. ಮುಳ್ಳೂರಿನ ನಮ್ಮ ಬೀದಿಯಲ್ಲೂ ಇಷ್ಟು ಬಗೆಯ ಜನರಿಲ್ಲ. ಹದಿನೇಳನೆಯದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ. ಜೂನ್ ಹತ್ತರೊಳಗೆ ಜೀವಂತ ಕಲ್ಚರ್ ಪುಣೆಯ ಸೂಕ್ಷ್ಮಜೀವಿ ಸಂಗ್ರಹ ಕೇಂದ್ರ ತಲುಪಿದರೆ ನನ್ನ ಪೇಪರ್ ಒಪ್ಪುತ್ತಾರೆ, ಹೆಸರೂ ನಾನೇ ಇಡಬಹುದು. ಇಲ್ಲದಿದ್ದರೆ ಆರು ವರ್ಷ ನೀರಿನಲ್ಲಿ ಹೋಮ.

ಕೊಳ್ಳೇಗಾಲದ ಈ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ನನ್ನಂಥ ಗೆಸ್ಟ್ ಲೆಕ್ಚರರ್ ಕುರ್ಚಿ ಬಾಗಿಲ ಪಕ್ಕ. ಏನು ಮಾಡುತ್ತೀಯ ಅಂತ ಯಾರೂ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.

ಏಪ್ರಿಲ್ 5, ಶನಿವಾರ

ಸೋಮವಾರದಿಂದ ಮೈಸೂರಿನಲ್ಲಿ ವ್ಯಾಲ್ಯುಯೇಷನ್. ಒಂಬತ್ತು ದಿನ. ಲ್ಯಾಬ್ ಕೀ ಚನ್ನಾಜಮ್ಮನಿಗೆ ಕೊಟ್ಟೆ. ಅಟೆಂಡರ್. ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಮೇ ಮೂವತ್ತೊಂದಕ್ಕೆ ರಿಟೈರ್.

ಡಬ್ಬಗಳಲ್ಲಿ ಒದ್ದೆ ಹತ್ತಿ ಇಟ್ಟು ಪ್ಲೇಟು ಜೋಡಿಸಿದೆ. "ಒಣಗೋಕೆ ಬಿಡಬೇಡಿ," ಎಂದೆ.

"ನಮ್ಮಟ್ಟಿ ಮಲ್ಲಿಗೆ ಗಿಡವ್ನೇ ವಣಗಾಕ್ ಬುಟ್ಟಿಲ್ಲ, ಇದ ಬುಟ್ಟೇನಾ? ಓಗ್ಬನ್ನಿ ಮೇಡಮ್ಮ."

ಹತ್ತಿಗೆ ಮಾತ್ರ ನೀರು ಅಂತ ಬಿಡಿಸಿ ಹೇಳಬೇಕಿತ್ತು. ಹೇಳಿದೆನಾ? ಇರಲಿ, ತಿಳಿದಿರುತ್ತದೆ.

ಏಪ್ರಿಲ್ 16, ಬುಧವಾರ

ನಲವತ್ತೊಂದು ಪ್ಲೇಟಿನಲ್ಲೂ ನೀರು.

ಚನ್ನಾಜಮ್ಮ ನನ್ನ ಹಿಂದೆಯೇ ನಿಂತು ನಗುತ್ತಿದ್ದರು. "ವಣಗಿ ಬೆಳ್ಳಗೆ ಬೂದಿ ಬಳ್ದಂಗೆ ಆಗ್ಬುಟ್ಟಿದ್ದೊ. ಒಂದೊಂದಕ್ಕೂ ಒಂದೊಂದ್ ಚಮಚ ಬುಟ್ಟಿವ್ನಿ. ಫಿಲ್ಟರ್ ನೀರೇಯ ಮೇಡಮ್ಮ."

ಬೆಳ್ಳಗಿದ್ದದ್ದು ಉಪ್ಪು. ಹರಳು ಕಟ್ಟಿತ್ತು, ಅಷ್ಟೇ. ಹಾಗೇ ಬಿಟ್ಟಿದ್ದರೆ ಹರಳಿನೊಳಗೆ ಬದುಕಿರುತ್ತಿದ್ದವು. 17ರಂಥವಕ್ಕೆ ಸಿಹಿನೀರು ತಾಗಿದರೆ ಮುಗಿಯಿತು. ನೀರು ಒಳಗೆ ನುಗ್ಗಿ ಹೊಟ್ಟೆ ಬಿರಿಯುತ್ತದೆ.

ಕಿರುಚಿದೆ. "ನಿಮ್ಮ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ," ಎಂದೆ. ಕಾಮರ್ಸಿನ ರಂಗನಾಥ ಸರ್ ಬಾಗಿಲಲ್ಲಿ ಇಣುಕಿ ಹೋದರು. ಚನ್ನಾಜಮ್ಮ ಕೀ ಮೇಜಿನ ಮೇಲಿಟ್ಟು ಹೋದರು.

ಏಪ್ರಿಲ್ 17

ಫ್ರೀಜರಿನಲ್ಲಿದ್ದ ನಕಲುಗಳು ಮಾರ್ಚ್‌ನಲ್ಲೇ ಕರೆಂಟು ಹೋಗಿ ಹಾಳು. ಮತ್ತೆ ಮಾಡಿಟ್ಟುಕೊಳ್ಳಲಿಲ್ಲ. ಸೋಮಾರಿ 9 ಅಲ್ಲ, ನಾನು.

ಎಲ್ಲ ಪ್ಲೇಟಿನ ನೀರನ್ನೂ, 17ರದ್ದನ್ನು ಮೊದಲು, ಹೊಸ ಉಪ್ಪಿನ ಪ್ಲೇಟುಗಳಿಗೆ ಸವರಿದ್ದೇನೆ. ನೋಡೋಣ…

ಏಪ್ರಿಲ್ 30, ಬುಧವಾರ

ಇಪ್ಪತ್ತಮೂರು ಬಗೆ ಮೇಲೆದ್ದಿವೆ. ಗಟ್ಟಿ ಜೀವಗಳು. 17 ಇಲ್ಲ.

ಚನ್ನಾಜಮ್ಮ ರಜೆ ಹಾಕಿದ್ದಾರೆ. ಹದಿಮೂರು ದಿನ ಆಯಿತು. "ಮೇಡಮ್ಮ, ಊಟ ಆಯ್ತಾ" ಅಂತ ಇಡೀ ಕೊಳ್ಳೇಗಾಲದಲ್ಲಿ ನನ್ನನ್ನು ಕೇಳುತ್ತಿದ್ದವರು ಅವರೊಬ್ಬರೇ. ಈಗ ಗೊತ್ತಾಗುತ್ತಿದೆ.

ಆರು ವರ್ಷ ಒಂದೇ ರೂಮಿನಲ್ಲಿ ಇದ್ದೆವು. ಇವು ಉಪ್ಪಿಲ್ಲದೆ ಸಾಯುತ್ತವೆ ಅಂತ ಒಂದು ಮಾತು ಅವರಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ತಪ್ಪು ನನ್ನದು. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ಒಂಟಿ ಅನ್ನಿಸುತ್ತಿದೆ. ಬರೆದುಬಿಟ್ಟೆ, ಆಯಿತು.

ಮೇ 4, ಭಾನುವಾರ. ಸಂಜೆ

ಯಳಂದೂರಿಗೆ ಹೋಗಿ ಬಂದೆ. ಬಾಳೆಹಣ್ಣು ಕಟ್ಟಿಸಿಕೊಂಡು, ಏನು ಹೇಳಬೇಕೆಂದು ಬಸ್ಸಿನಲ್ಲಿ ಮೂರು ಸಲ ಉರು ಹೊಡೆದುಕೊಂಡು. ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

"ಬನ್ನಿ ಒಳಕ್ಕೆ," ಎಂದರು. ನಗಲಿಲ್ಲ. ಮಜ್ಜಿಗೆ ಕೊಟ್ಟರು. ತಪ್ಪಾಯಿತು ಎಂದೆ. ಆಮೇಲೆ ಎಲ್ಲ ಹೇಳಿದೆ… ಗಜನಿ, ಉಪ್ಪು, ಹದಿನೇಳು, ಪುಣೆ.

"ಇದ ಅವತ್ತೇ ಯೋಳಿದ್ರೆ ಬಾಯೇನ್ ಬಿದ್ದೋಯ್ತಿತ್ತಾ?" ಎಂದು ಬೈದರು. ಆಮೇಲೆ ಖಾಲಿ ಲೋಟ ಎತ್ತಿಕೊಳ್ಳುತ್ತ, "ಆ ಸಮುದ್ರದ್ ಮಣ್ಣು ನಂತಾವು ಅದೆಯಲ್ಲ," ಎಂದರು.

ಆರು ವರ್ಷದ ಹಿಂದೆ ಉಳಿದ ಮಣ್ಣು ಎಸೆಯಲು ಅವರಿಗೇ ಹೇಳಿದ್ದೆ. ಒಂದು ಹಿಡಿ ಎತ್ತಿಟ್ಟುಕೊಂಡಿದ್ದಾರೆ. ದೇವರ ಗೂಡಿನಲ್ಲಿ, ಕುಂಕುಮದ ಭರಣಿ ಪಕ್ಕ, ಒಂದು ಸ್ಟೀಲ್ ಡಬ್ಬಿಯಲ್ಲಿ. "ನಾನು ಸಮುದ್ರ ಕಂಡೋಳಲ್ಲ. ಎಸಿಯಾಕ್ ಮನಸು ಬರ್ನಿಲ್ಲ."

ಕೈ ಚಾಚಿದೆ. ಕೊಡಲಿಲ್ಲ. ಡಬ್ಬಿಯನ್ನು ನೆಲದ ಮೇಲಿಟ್ಟರು. "ಉಪ್ಪ ಕಯ್ಯಿಂದ ಕಯ್ಗೆ ಕೊಡಬಾರ್ದು. ಜಗಳ ಆಯ್ತದೆ."

"ಅದು ಆಗಲೇ ಆಯಿತಲ್ಲ," ಎಂದೆ. ಆಗ ನಕ್ಕರು.

ಮೇ 5

ಚನ್ನಾಜಮ್ಮ ಕೆಲಸಕ್ಕೆ ಬಂದರು, ಕೀ ಮತ್ತೆ ಅವರಿಗೇ ಕೊಟ್ಟೆ. ಡಬ್ಬಿಯ ಮಣ್ಣಿನಿಂದ ಹನ್ನೆರಡು ಪ್ಲೇಟು ಹಾಕಿದೆವು. ಉಪ್ಪು ತೂಗಿದ್ದು ಅವರೇ. ಲೀಟರಿಗೆ ಇನ್ನೂರು ಗ್ರಾಂ. "ಉಪ್ಪಿನ್ಕಾಯ್ಗೂ ಇಷ್ಟೊಂದ್ ಆಕಲ್ಲ ಕಣ್ ಮೇಡಮ್ಮ."

ಮೇ 19

ಬಿಳಿ. ಕೇಸರಿ. ಗುಲಾಬಿ ಇಲ್ಲ.

ದಿನಾ ಬೆಳಿಗ್ಗೆ ನನಗಿಂತ ಮೊದಲು ಅವರೇ ಬಂದು ನೋಡಿರುತ್ತಾರೆ. ಮುಖ ನೋಡಿದರೆ ಸಾಕು, ನನಗೆ ಪ್ಲೇಟು ತೆಗೆಯುವ ಕೆಲಸವೇ ಇಲ್ಲ.

ಮೇ 31, ಶನಿವಾರ. ಬೆಳಿಗ್ಗೆ 8.20

ಹನ್ನೊಂದನೇ ಪ್ಲೇಟು, ಅಂಚಿನಲ್ಲಿ. ಸಾಸಿವೆಯ ಕಾಲುಭಾಗ. ಗುಲಾಬಿ.

17 ಹೌದೋ, ಅದರ ದಾಯಾದಿಯೋ, ಪರೀಕ್ಷೆ ಮಾಡದೆ ಹೇಳಲಾಗದು. ಜೂನ್ ಹತ್ತಕ್ಕಂತೂ ಆಗದು. ಇನ್ನಷ್ಟು ಸಮಯ ಕೇಳಿ ಬರೆಯಬೇಕು. ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು.

ಚನ್ನಾಜಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇದೇಯಾ ಕೂಸೆ?" ಎಂದರು. ಮೇಡಮ್ಮ ಅನ್ನಲಿಲ್ಲ.

ಸಂಜೆ 5.05

ಸ್ಟಾಫ್‌ರೂಮಿನಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ರಂಗನಾಥ ಸರ್ ಭಾಷಣ. ಖಾರಾಬೂಂದಿ, ಮೈಸೂರುಪಾಕು. ಶಾಲು ಹೊದ್ದುಕೊಂಡೇ ಲ್ಯಾಬಿಗೆ ಬಂದು ಇನ್ನೊಂದು ಸಲ ಪ್ಲೇಟು ನೋಡಿದರು. "ಉಸಾರು ಕಣವ್ವ, ನೀರ್ಗೀರು ಬುಟ್ಟೀಯೆ," ಎಂದು ನನಗೇ ಹೇಳಿ ಬಸ್ಸಿಗೆ ಓಡಿದರು.

ಅವರು ಇಟ್ಟುಹೋದ ಕೀ ಮೇಜಿನ ಮೇಲಿದೆ. ಇನ್ನೂ ಎತ್ತಿಕೊಂಡಿಲ್ಲ. ಸೋಮವಾರ ಬೆಳಿಗ್ಗೆ ಆ ಗುಲಾಬಿ ಚುಕ್ಕಿ ಸಾಸಿವೆಯಷ್ಟಾಗಿರುತ್ತದೆ. ನೋಡಿ, ಇಷ್ಟು ಬೆಳೆಯಿತು ಅಂತ ಯಾರಿಗೆ —