ಏರು ಹತ್ತದ ಕಾರು

ಗ್ಯಾರೇಜಿನ ಮೇಜಿನಿಂದ,
ಗುರುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಮಣಿಕಟ್ಟಿನ ಊತ ಇಳಿಯಿತೇ? ಪ್ಲಾಸ್ಟರಿನ ಒಳಗೆ ಕೆರೆತ ಬಂದರೆ ಕಡ್ಡಿ ತೂರಿಸಬೇಡ, ಹುಣ್ಣಾಗುತ್ತದೆ. ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆಂದು ಗೊತ್ತು, ನೀನು ತಿನ್ನುತ್ತೀಯೋ ಇಲ್ಲವೋ ಗೊತ್ತಿಲ್ಲ. ಬೈಯುತ್ತೇನೆಂದು ಹೆದರಿ ನನ್ನ ಫೋನು ಎತ್ತುತ್ತಿಲ್ಲ. ಕಾಗದಕ್ಕೆ ಗಂಟಲಿಲ್ಲ, ಓದು.

ಮೊದಲು ಖರ್ಚು ಹೇಳಿಬಿಡುತ್ತೇನೆ. ನಿನ್ನ ಹಳೇ ಡೀಸೆಲ್ ಕಾರು ಯಾಕೆ ಎಳೆಯುವುದಿಲ್ಲ ಎಂದು ಕಂಡುಹಿಡಿಯಲು ಹೋಗಿದ್ದು ಇಷ್ಟು: ಒಂದು ಏರ್ ಫಿಲ್ಟರ್, ಒಂದು ಡೀಸೆಲ್ ಫಿಲ್ಟರ್, ಒಂದು ಟರ್ಬೊ ಪೈಪು, ನಮ್ಮ ಮೆಕ್ಯಾನಿಕ್ ಹೊಗೆಮಾವನ ಮುಂದಿನ ಎರಡು ಹಲ್ಲು, ನನ್ನ ತಲೆಗೂದಲು ಒಂದು ಹಿಡಿ, ಒಬ್ಬ ಅಳಿಯ. ಕೊನೆಯದನ್ನು ನಷ್ಟದ ಕಡೆ ಬರೆಯಲು ಮನಸ್ಸಾಗುತ್ತಿಲ್ಲ.

ಚಿಕ್ಕಮ್ಮನ ಹತ್ತಿರ ನೀನು ಅಂದೆಯಂತೆ, "ತಪ್ಪು ನಂದೇ, ಗೇರ್ ಸರಿಯಾಗಿ ಹಾಕಿದ್ರೆ ತಪ್ಪಿಸ್ಕೊಳ್ತಿದ್ದೆ. ಅವರು ಸಿಟ್ಟಲ್ಲಿ ಕೈ ಮಾಡಿದ್ರು, ಈಗ ಫೋನಲ್ಲಿ ಅಳ್ತಿದಾರೆ." ಸೋಮವಾರ ಗಂಡನ ಮನೆಗೆ ವಾಪಸು ಹೋಗುತ್ತೀಯಂತೆ. ನೀನು ಆ ಮನೆ ಬಿಟ್ಟು ಹೊರಟ ದಿನದ ಕಥೆಯನ್ನು ನಿನ್ನ ಬಾಯಿಂದ ಕೇಳಲಿಲ್ಲ, ಕಾರಿನಿಂದಲೇ ಓದಿಕೊಂಡೆ. ಸೀಟಿನ ತುಂಬ ಕಿಟಕಿಯ ಗಾಜು, ಸ್ಟೀರಿಂಗಿನ ಮೇಲೆ ಒಣಗಿದ ರಕ್ತ, ಬಾಗಿಲಿನಲ್ಲಿ ಅವನ ಹೆಲ್ಮೆಟ್ಟು ಬಡಿದ ತಗ್ಗುಗಳು. ಮೇಲ್ಸೇತುವೆಯ ಏರಿನಲ್ಲಿ ನೀನು ಪೆಡಲನ್ನು ತುಳಿದೇ ತುಳಿದಿದ್ದೀಯ, ಕಾರು ಎಮ್ಮೆಯ ಹಾಗೆ ತೆವಳಿದೆ, ಅವನು ಬೈಕಿನಲ್ಲಿ ಪಕ್ಕಕ್ಕೆ ಬಂದಿದ್ದಾನೆ. ಹಿಂದಿನಿಂದ ಬಂದ ಲಾರಿಯವರು, ಉಳಿದದ್ದನ್ನು ನನಗೆ ಹೇಳಿದವರೂ ಅವರೇ, ಇಳಿದು ಅವನನ್ನು ಎಳೆದು ಹಾಕದಿದ್ದರೆ ಮಣಿಕಟ್ಟಿನಲ್ಲಿ ಮುಗಿಯುತ್ತಿರಲಿಲ್ಲ.

ಹೊಗೆಮಾವ ಬಾನೆಟ್ಟು ಎತ್ತಿ, "ವಯಸ್ಸಾಯ್ತು ಅಕ್ಕಾ, ಗಾಡಿಗೂ ನಿಮಗೂ" ಎಂದ. ಏರ್ ಫಿಲ್ಟರಿನಲ್ಲಿ ಒಂದು ಬೊಗಸೆ ಧೂಳಿತ್ತು. ಡೀಸೆಲ್ ಫಿಲ್ಟರನ್ನೂ ಸೇರಿಸಿ ಬದಲಾಯಿಸಿದೆವು, ಏರು ಹತ್ತಲಿಲ್ಲ. ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಪೈಪು ಸೀಳಿತ್ತು. ಅದನ್ನೂ ಬದಲಾಯಿಸಿದೆವು, ಆದರೂ ಇಲ್ಲ. ಡೀಸೆಲ್ ಪಂಪು ಇಳಿಸಲು ಹೊರಟಿದ್ದವನನ್ನು ತಡೆದೆ. ಇಪ್ಪತ್ತು ವರ್ಷ ಬಾಡಿಗೆ ಕಾರು ಓಡಿಸಿದವಳು, ಅಂದಾಜಿನ ಮೇಲೆ ಬಿಡಿಭಾಗ ಕೊಳ್ಳುವುದಿಲ್ಲ. ಬಾನೆಟ್ಟಿನೊಳಗೆ ಕೈ ಹಾಕಿ ಅವನು ಆಕ್ಸಿಲರೇಟರ್ ಕೇಬಲ್ ಎಳೆದರೆ ಎಂಜಿನ್ ತಗಡಿನ ಮಾಡು ಅದುರುವಂತೆ ಕೂಗಿತು. ಒಳಗೆ ಕೂತು ನಾನು ಕಾಲಿನಿಂದ ತುಳಿದರೆ ಮುಲುಗಿತು. "ಕೈಗೆ ಕೂಗುತ್ತೆ, ಕಾಲಿಗೆ ಕೂಗಲ್ಲ ಅಂದ್ರೆ ಕಾಯಿಲೆ ಎಂಜಿನ್‌ದಲ್ಲ ಕಣೋ" ಎಂದು ಕಾರ್ಪೆಟ್ ಕಿತ್ತೆ. ಪೆಡಲಿನ ಹಿಂದೆ, ನೆಲದ ತಗಡಿಗೆ, ಹೆಬ್ಬೆರಳುದ್ದದ ಬೋಲ್ಟು ಬೆಸೆದು ನಿಲ್ಲಿಸಿದ್ದರು. ಪೆಡಲು ಅರ್ಧ ಹೋಗಿ ಅದಕ್ಕೆ ತಾಗಿ ನಿಲ್ಲುತ್ತದೆ. ಬೆಸುಗೆಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ.

ಆ ಹೊತ್ತಿಗೇ ಬಂದರು ಅಳಿಯಂದಿರು, ಕಾರಿನ ಕೀ ಕೇಳಿಕೊಂಡು. ಬೋಲ್ಟು ತೋರಿಸಿದೆ. "ಅವಳ ಒಳ್ಳೇದಕ್ಕೇ ಹಾಕ್ಸಿದ್ದು ಅತ್ತೆ, ತುಂಬಾ ಜೋರಾಗಿ ಓಡಿಸ್ತಾಳೆ" ಎಂದ. "ಹಾಗಾದ್ರೆ ನಿಮ್ಮ ಬೈಕಿಗೂ ಒಂದು ಹಾಕಿಸ್ಕೋಬೇಕಿತ್ತು" ಎಂದೆ. ಅಲ್ಲಿಯವರೆಗೂ ಬಹುವಚನವೇ ಕೊಡುತ್ತಿದ್ದೆ, ನೋಡು. ನನ್ನ ಮೇಲೆ ನುಗ್ಗಿದ, ಅಡ್ಡ ಬಂದ ಹೊಗೆಮಾವನ ಬಾಯಿಗೆ ಮೇಜಿನ ಮೇಲಿದ್ದ ವೀಲ್ ಸ್ಪ್ಯಾನರಿನಿಂದ ಹೊಡೆದ. ಮುದುಕ ಕಿತ್ತ ಪೈಪುಗಳ ಮೇಲೆ ಬಿದ್ದು ರಕ್ತ ಉಗುಳಿದ. ಅಳಿಯ ನನ್ನ ಜುಟ್ಟು ಹಿಡಿದು ತಲೆಯನ್ನು ಕಾರಿನ ಬಾಗಿಲಿಗೆ ಜಪ್ಪಿದ, ಮತ್ತೆ ಜಪ್ಪಿದ. ನಿನಗೂ ಹೀಗೇ ಮಾಡುತ್ತಿದ್ದನೇ ಎಂಬ ಯೋಚನೆ ಎರಡನೆಯ ಸಲಕ್ಕೆ ಬಂತು. ನೆಲದಲ್ಲಿ ತಡಕಾಡಿದ ಕೈಗೆ ಜಾಕಿನ ಕಬ್ಬಿಣದ ಹಿಡಿ ಸಿಕ್ಕಿತು. ಮಂಡಿಗೆ ಬೀಸಿದೆ. ಹಸಿ ಕೊಂಬೆ ಮುರಿದಂತೆ ಸದ್ದಾಯಿತು. ಬಿದ್ದಲ್ಲಿಂದಲೇ ಸ್ಪ್ಯಾನರ್ ಎತ್ತಿದ, ಮಣಿಕಟ್ಟಿಗೆ ಕೊಟ್ಟೆ. ಎಡವೋ ಬಲವೋ ಆರಿಸಲು ಪುರುಸೊತ್ತಿರಲಿಲ್ಲ. ಮೂರನೆಯದು ಬೇಕಾಗಿರಲಿಲ್ಲ. ಆದರೂ ಹಾಕಿದೆ. ಪೊಲೀಸರಿಗೂ ಹಾಗೇ ಹೇಳಿದ್ದೇನೆ.

ಈ ಕಾಗದವನ್ನೂ ಕಾರನ್ನೂ ಹೊಗೆಮಾವನೇ ತರುತ್ತಿದ್ದಾನೆ. ಮಾತಾಡಿದರೆ ಗಾಳಿ ಸೋರುತ್ತದೆ, ನಗಬೇಡ. ಬೋಲ್ಟು ಕೊಯ್ದು ತೆಗೆದಿದ್ದೇವೆ, ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇವೆ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ನಿನ್ನ ಕೈ ಬೇಗ ಕೂಡಲಿ, ತಲೆ ಅದಕ್ಕಿಂತ ಬೇಗ ನೆಟ್ಟಗಾಗಲಿ.

ನಿನ್ನ ಬಾಯಿಬಡುಕಿ,
ಅಮ್ಮ

ಮರೆತಿದ್ದೆ, ಹೊಗೆಮಾವ ಹಾರ್ನ್ ಹೊಡೆಯುತ್ತಿದ್ದಾನೆ: ಆ ಬೋಲ್ಟು ಬೆಸೆದ ವೆಲ್ಡಿಂಗಿನವನನ್ನು ಹುಡುಕಿಸಿ ಕೇಳಿದೆ. ನೀನು ಮನೆ ಬಿಟ್ಟ ದಿನಕ್ಕೆ ಒಂದು ವಾರ ಮೊದಲೇ ನಿನ್ನ ಗಂಡ ಮಾಡಿಸಿದ್ದು. ಕಾರ್ಪೆಟ್ ಮೊದಲಿನಂತೆ ಮುಚ್ಚು, ಅವಳಿಗೆ ಕಾಣಬಾರದು ಎಂದೂ ಹೇಳಿದ್ದನಂತೆ. ಸಿಟ್ಟಿನಲ್ಲಿ ಕೈ ಎತ್ತಬಹುದು ಮಗಳೇ, ಸಿಟ್ಟಿನಲ್ಲಿ ಯಾರೂ ಅಳತೆ ತೆಗೆದು ಬೆಸುಗೆ ಹಾಕಿಸುವುದಿಲ್ಲ. ನಿನ್ನ ಗೇರ್ ಸರಿಯಾಗಿಯೇ ಇತ್ತು. ಅವನು ನಿನ್ನೆ ಹೊರಗೆ ಬಂದಿದ್ದಾನೆ, ಕುಂಟುತ್ತಾ ಅಲ್ಲಿಗೇ ಬರಬಹುದು. ಹೊಗೆಮಾವನ ಜೊತೆ ಇವತ್ತೇ ಹೊರಟು ನನ್ನ ಹತ್ತಿರ ಬಾ. ಸದ್ಯಕ್ಕೆ ಅವನಿಗೆ ಜಾಮೀನು ಸಿಕ್ಕಿದೆ. ಪೊಲೀಸರಿಗೆ ಬೋಲ್ಟು ಸಿಕ್ಕಿದೆ. ವೆಲ್ಡಿಂಗಿನವನಿಗೆ ಸಾಕ್ಷಿ ಹೇಳುವ ಕೆಲಸ. ನನಗೆ ನನ್ನದೇ ಹೆಸರಿನಲ್ಲಿ ಒಂದು ಕೇಸು. ನಿನಗೆ, ಪೂರ್ತಿ ಕೆಳಗಿಳಿಯುವ ಪೆಡಲು.