ಹೊರಟೆ ಎನ್ನುವ ಮೋಡೆಮ್

ಭಾವ,

ಇದನ್ನು ಅಜ್ಜಂಪುರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾಕೆಂದು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನಿಮ್ಮ ಆ ಹಾಳು ನಗು ಶುರುವಾಗುತ್ತದೆ. "ಏನ್ಲಾ ಮಂಜ, ತಲೆಗಿಲೆ ಕೆಟ್ಟೈತಾ?" ಅನ್ನುತ್ತೀರಿ. ಕೆಟ್ಟಿದೆ ಅಂತಲೇ ಇಟ್ಟುಕೊಳ್ಳಿ. ರೈಲು ತಡವಾಗಿದೆ, ನನಗೂ ಬೇರೆ ಕೆಲಸವಿಲ್ಲ.

ಕಡೂರಿನ ನಮ್ಮ ರಿಪೇರಿ ಅಂಗಡಿಗೆ ನೀವು ಆ ಎರಡು ಹಳೇ ಮೋಡೆಮ್, ಫೋನ್ ತಂತಿಯ ಮೇಲೆ ಕಂಪ್ಯೂಟರುಗಳನ್ನು ಮಾತಾಡಿಸುವ ಡಬ್ಬಿಗಳನ್ನು, ಹೊತ್ತು ತಂದ ದಿನ ನೆನಪಿದೆಯಾ? ಊರೆಲ್ಲ ಫೈಬರ್ ಎಳೆಸಿಕೊಳ್ಳುತ್ತಿತ್ತು. ಕಂಪ್ಯೂಟರ್ ರಿಪೇರಿಯವರೇ ಟೆಲಿಫೋನ್ ತಂತಿಗೆ ಜೋತುಬಿದ್ದರೆ ಜನ ನಗುವುದಿಲ್ಲವೇ ಎಂದು ನಾನು ಗೊಣಗಿದೆ. ನೀವು ಕೇಳಿದ್ದಿದೆಯೇ? ಅಂಗಡಿಗೊಂದು, ಅಜ್ಜಂಪುರದ ನಿಮ್ಮ ಮನೆಗೊಂದು. ಎರಡೂ ಕಡೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿರಿ. "ರೂಟ್ ಅಂದ್ರೆ ಬೀರೂರು ಜಂಕ್ಷನ್ ಕಣೋ. ತರೀಕೆರೆಗೆ ಹೋಗೋ ಬೋಗಿನ ಅಜ್ಜಂಪುರದ ಹಳಿಗೆ ಬಿಟ್ರೆ ಏನಾಯ್ತದೆ? ಯಾವ ವಿಳಾಸಕ್ಕೆ ಯಾವ ದಾರಿ ಅಂತ ಮೊದ್ಲೇ ಬರೆದಿಡ್ಬೇಕು." ಆಮೇಲೆ ಮೋಡೆಮ್ ಬೆನ್ನ ಮೇಲೆ ಅಂಗೈಯಿಟ್ಟು, "ನೋಡು, ಬೆಚ್ಚಗೈತೆ. ಮಾತಾಡಿದ ಮೋಡೆಮ್ ಬೆಚ್ಚಗಿರ್ತದೆ" ಅಂದಿರಿ. ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ ಮುಟ್ಟುತ್ತಿದ್ದಿರಿ, ಮಾರಾಯರೇ.

ಸಂಜೆ ಅಂಗಡಿ ಬಾಗಿಲು ಎಳೆಯುವ ಮುಂಚೆ ನೀವೊಂದು ಆಟ ಆಡುತ್ತಿದ್ದಿರಲ್ಲ! ಜೇಬಿನಲ್ಲಿ ಮೊಬೈಲು ಇದ್ದರೂ ಅಂಗಡಿಯ ಮೋಡೆಮ್‌ನಿಂದ ಮನೆಗೆ ಡಯಲ್ ಮಾಡುವುದು. ಮನೆಯ ಮೋಡೆಮ್ ಎತ್ತಿಕೊಂಡು ಕೀಈಈ ಎಂದು ಕಿರುಚುವುದು. ಅಷ್ಟೇ, ಕಟ್. ಅದರ ಅರ್ಥ 'ಹೊರಟೆ'. ಅಕ್ಕ ಮುದ್ದೆಗೆ ನೀರಿಡಬೇಕು. "ಬ್ಯಾರೇವ್ರ ಗಂಡಂದಿರು ಮಿಸ್ಡ್ ಕಾಲ್ ಕೊಡ್ತಾರೆ, ನಮ್ಮನೇದು ದೆವ್ವ ಕೂಗಿಸ್ತದೆ" ಎಂದು ಅಕ್ಕ ಬೈಯುತ್ತಲೇ ಒಲೆ ಹಚ್ಚುತ್ತಿದ್ದಳು.

ಆ ಸಂಜೆಯೂ ನೀವು ಡಯಲ್ ಮಾಡಿಯೇ ಹೊರಟಿರಿ. ರೈಲಿನಲ್ಲಿ ಕಿಟಕಿಗೆ ಒರಗಿ ಮಲಗಿದವರು ಅಜ್ಜಂಪುರ ಬಂದರೂ ಏಳಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಯಾರೋ ಅಲುಗಾಡಿಸಿ ನೋಡಿದಾಗ... ನಿಮ್ಮ ಊರನ್ನು ನೀವು ದಾಟಿ ಹೋಗಿಬಿಟ್ಟಿದ್ದಿರಿ. ಇಲ್ಲಿ ಅಕ್ಕ ಒಲೆಯ ಮೇಲೆ ನೀರಿಟ್ಟು ಕಾಯುತ್ತಿದ್ದಳು. ಆ ಪಾತ್ರೆ ತಳ ಸೀದು ಕಪ್ಪಾಗಿದೆ. ಅವಳು ಅದನ್ನು ಇನ್ನೂ ಉಜ್ಜಿಲ್ಲ.

ನಿಮ್ಮ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿಯುವ ತನಕ ಅಕ್ಕ ತರೀಕೆರೆಯಲ್ಲಿ ನಮ್ಮಮ್ಮನ ಜೊತೆ ಇದ್ದಳು. ಅವಳು ಅಜ್ಜಂಪುರಕ್ಕೆ ವಾಪಸಾದ ಸಂಜೆಯೇ ನಮ್ಮ ಅಂಗಡಿಯ ಮೋಡೆಮ್ ತಾನಾಗಿ ಎತ್ತಿಕೊಂಡಿತು. ಪರದೆಯ ಮೇಲೆ ನಿಮ್ಮ ಹೆಸರಿನ ಲಾಗಿನ್. ಮರುದಿನವೂ ಅದೇ ಹೊತ್ತಿಗೆ. ಅದರ ಮರುದಿನವೂ. ಅಕ್ಕ ಆಟವಾಡುತ್ತಿರಬೇಕು ಎಂದುಕೊಂಡು ಸುಮ್ಮನಿದ್ದೆ. ಅಲ್ಲಿ ಅವಳು ಏನೆಂದುಕೊಂಡಿದ್ದಳು ಗೊತ್ತಾ? ದಿನಾ ಸಂಜೆ ಮೋಡೆಮ್ ಕಿರುಚುತ್ತದೆ, ಅಂದರೆ ನೀವು ಕಡೂರಿನಿಂದ ಹೊರಟಿದ್ದೀರಿ! ನೀರಿಟ್ಟು, ನಿಮ್ಮ ತಟ್ಟೆ ಹಾಕಿ, ಸ್ಟೇಷನ್ನಿಗೆ ಬಂದು ಇದೇ ಬೆಂಚಿನ ಮೇಲೆ ಕೂರುವುದು. ಯಾರೂ ಇಳಿಯದಿದ್ದರೆ ಉಣ್ಣದೆ ಮಲಗುವುದು. ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದ ಮೇಲೆ ನನಗೆ ತಿಳಿಯಿತು. ಹೀಗೇ ಬಿಟ್ಟರೆ ಅಕ್ಕನೂ ಕೈತಪ್ಪಿ ಹೋಗುತ್ತಾಳೆಂದು ಹೆದರಿ, ಕಡೂರಿನ ಮೋಡೆಮ್ ಅನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಮೇನ್ ಸ್ವಿಚ್ ಆರಿಸಿ ಬಂದೆ.

ನಿಮ್ಮ ಮನೆಯ ವೈರಿಂಗ್ ನೋಡಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಅಕ್ಕನಿಗೆ ಕಂಪ್ಯೂಟರ್ ಹಚ್ಚುವ ತೊಂದರೆ ಯಾಕೆಂದು ಅದನ್ನು ದೇವರಮನೆ ಬಲ್ಬಿನ ಸ್ವಿಚ್ಚಿಗೇ ಸೇರಿಸಿದ್ದಿರಲ್ಲ, ಪುಣ್ಯಾತ್ಮರೇ! ಅವಳು ದೀಪ ಹಾಕಿದರೆ ಕಂಪ್ಯೂಟರ್ ಏಳುತ್ತದೆ. ಎದ್ದ ಕೂಡಲೇ ಕಡೂರಿನ ಮಿಷಿನ್ನನ್ನು ಗಂಟೆಯೆಷ್ಟೆಂದು ಕೇಳಲು ಹೊರಡುತ್ತದೆ. ಆ ವಿಳಾಸಕ್ಕೆ ನೀವು ಬರೆದಿಟ್ಟ ದಾರಿ ಮೋಡೆಮ್ ಒಂದೇ. ಒಂದು ಪ್ಯಾಕೆಟ್, ಒಂದು ತುಣುಕು ಸಂದೇಶ, ಆ ದಾರಿಗೆ ಬಂದರೆ ಸಾಕು, ಫೋನ್ ಜೋಡಿಸುವ ಪಿಪಿಪಿ ಪ್ರೋಗ್ರಾಮು ತಾನಾಗಿ ಡಯಲ್ ಮಾಡುವ ಹಾಗೆ ಇಟ್ಟಿದ್ದಿರಿ. ಲಾಗ್‌ನಲ್ಲಿ ಎಲ್ಲ ಕರೆಯೂ ಇಲ್ಲಿಂದ ಹೊರಗೆ ಹೋದದ್ದೇ; ಹೊರಗೆ ಕರೆಯುವಾಗಲೂ ಮೋಡೆಮ್ ಹಾಗೇ ಕಿರುಚುತ್ತದಲ್ಲ.

"ಅಕ್ಕಾ, ಕರೀತಿರೋದು ಭಾವ ಅಲ್ಲ. ನೀನೇ ಕಣೇ. ದೀಪ ಹಾಕ್ದಾಗೆಲ್ಲ ನೀನೇ ಕರೀತಿದ್ದೀಯ" ಅಂದೆ.

ಅಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. "ನಾನು ಕರೆದ್ರೆ ಅಲ್ಲಿ ಯಾರು ಎತ್ಕೊತಿದ್ರು?"

"ಅಂಗಡಿ ಮೋಡೆಮ್. ಇಕಾ ನೋಡು, ನನ್ನ ಚೀಲದಲ್ಲೇ ಐತೆ. ಇನ್ನು ಎತ್ಕೊಳ್ಳೋರೂ ಇಲ್ಲ."

ಅವಳು ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ ವಾಪಸು ಕೊಟ್ಟಳು. "ಹಂಗಾದ್ರೆ ತೆಗೆದಾಕ್ಬಿಡು ಆ ದಾರಿನ."

ತೆಗೆದೆ. ನೀವು ಕೈಯಾರೆ ಬರೆದ ಸಾಲು ಅದು. ನಿನ್ನೆ ಸಂಜೆ ಅಕ್ಕ ದೀಪ ಹಾಕಿದಳು. ಕಂಪ್ಯೂಟರ್ ಎದ್ದಿತು, ಮೋಡೆಮ್ ತೆಪ್ಪಗಿತ್ತು. ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ನನ್ನ ಎದುರಿಗೆ ಕೂತು ಒಂದಿಡೀ ಮುದ್ದೆ ಉಂಡಳು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ತನ್ನನ್ನು ತಾನೇ ಬೈದುಕೊಂಡಳು ಕೂಡ. ಗೆದ್ದೆ ಎಂದುಕೊಂಡು ನಾನು ಇವತ್ತು ಕಡೂರಿಗೆ ಹೊರಡಲು ಚೀಲ ಕಟ್ಟಿದೆ.

ಇವತ್ತು ಸಂಜೆ ಅವಳು ದೀಪ ಹಾಕಿದಾಗ ನಾನು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದೆ. ಟೆಲಿಫೋನ್ ಗಂಟೆ ಬಾರಿಸಿತು. ಮನೆಯ ಮೋಡೆಮ್ ಎತ್ತಿಕೊಂಡು ಕಿರುಚಿತು. ರಾಂಗ್ ನಂಬರ್ ಇರಬೇಕು ಎಂದು ಬಾಯಿಬಿಡುವಷ್ಟರಲ್ಲಿ ಪರದೆಯ ಮೇಲೆ ನಿಮ್ಮ ಹೆಸರು ಬಂತು. ಹೊರಗಿನಿಂದ ಒಳಗೆ ಬಂದ ಕರೆ. ಕಟ್. ಯಾವಾಗಿನ ಹಾಗೆ, ಅಷ್ಟೇ.

ಅಂಗಡಿಗೆ ಬೀಗ ಹಾಕಿದೆ, ಕೀ ನನ್ನ ಜೇಬಿನಲ್ಲಿದೆ. ಅಲ್ಲಿ ಕರೆಂಟೂ ಇಲ್ಲ, ಮೋಡೆಮ್ಮೂ ಇಲ್ಲ. ಹಾಗಿದ್ದರೆ ಎಲ್ಲಿಂದ ಭಾವ? ಯಾವ ದಾರಿಯಲ್ಲಿ?

ಅಕ್ಕ ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಆ ಕಪ್ಪು ಪಾತ್ರೆಯನ್ನು ಈಚೆ ತೆಗೆದು, ಮೊದಲ ಸಲ ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ನೀರಿಟ್ಟಳು.

"ಮಂಜ, ಇವತ್ತು ನೀನು ಹೋಗಿ ಕರ್ಕೊಂಬಾರಪ್ಪ. ನಂಗೆ ಒಲೆ ಬಿಟ್ಟು ಬರಕ್ಕಾಗಲ್ಲ."

ಅದಕ್ಕೇ ಇಲ್ಲಿ ಕೂತಿದ್ದೇನೆ. ಅವಳಿಗೆ ಮಾತು ಕೊಟ್ಟಿದ್ದೇನೆ, ಕೊನೆಯವರು ಇಳಿದು ಹೋಗುವ ತನಕ ಅಲ್ಲಾಡುವುದಿಲ್ಲ. ಬೀರೂರಿನ ಕಡೆಯಿಂದ ಎಂಜಿನ್ ದೀಪ ಕಾಣುತ್ತಿದೆ. ಪೆನ್ನಿನ ಮುಚ್ಚಳ ಹುಡುಕಲು ಈಗ ಚೀಲಕ್ಕೆ ಕೈ ಹಾಕಿದೆ. ಕಡೂರಿನ ಮೋಡೆಮ್ ಕೈಗೆ ತಗುಲಿತು.

ಬೆಚ್ಚಗಿದೆ.

ಭಾವ, ಯಾವ ಬೋಗಿಯಲ್ಲಿದ್ದೀರಿ?

ನಿಮ್ಮ
ಮಂಜ