ಕಿವಿಯ ಮಿಷನ್ ಬಗ್ಗೆ ನೀನು ಕೇಳಿದ್ದಕ್ಕೆ

ಮಾಲೂರು
7 ಡಿಸೆಂಬರ್ 2025

ಪ್ರೀತಿಯ ವೇಣುಗೋಪಾಲ,

ನಿನ್ನ ಪತ್ರ ಗಣೇಶನ ಹಬ್ಬ ಮುಗಿದ ವಾರಕ್ಕೇ ಬಂದಿತ್ತು. ಮೂರು ತಿಂಗಳು ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೋ, ಆದರೆ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕೂತು ಅರ್ಧಕ್ಕೇ ಹರಿದು ಹಾಕಿದೆ. ಏನನ್ನು ಮೊದಲು ಬರೆಯಬೇಕು, ಏನನ್ನು ಬಿಡಬೇಕು ಎಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಹೋಗಲಿ, ಬಂದ ಹಾಗೆ ಬರೆಯುತ್ತೇನೆ.

ನಾವು ಮೂವರೂ ಆರೋಗ್ಯವಾಗಿದ್ದೇವೆ. ಮಗ ಕದಿರೇಶನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಈಗ ಬೆಳಗಿನ ಶಿಫ್ಟು, ಐದು ಗಂಟೆಗೇ ಕಂಪನಿ ಬಸ್ಸು ಹತ್ತುತ್ತಾನೆ. ಅವನಮ್ಮ ರಾಮಲಕ್ಷ್ಮಮ್ಮನಿಗೆ ಮಂಡಿನೋವು ಇದ್ದಂತೆಯೇ ಇದೆ. ಶ್ರೀನಿವಾಸಪುರದಲ್ಲಿ ನಿನ್ನ ಮಾವಿನ ಮರಗಳು ಈ ಸಲ ಬೇಗ ಹೂ ಬಿಡುತ್ತವೆಯೇ ಎಂದು ಅವಳೇ ಕೇಳಲು ಹೇಳಿದಳು.

ನಿನ್ನ ಎಡಗಿವಿ ಮಂದವಾಗುತ್ತಿದೆ, ಫೋನಿನಲ್ಲಿ ಜಾಹೀರಾತು ನೋಡಿ ಮಿಷನ್ ತರಿಸಿಕೊಳ್ಳಲೇ ಎಂದು ಕೇಳಿದ್ದೀಯ. ಬೇಡ. ಹಾಗೆ ತರಿಸಿದ್ದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತದಂತೆ, ಇರುವ ಕಿವಿಯೂ ಹೋಗುತ್ತದಂತೆ. ಕೋಲಾರಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸು. ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎನ್ನುತ್ತಾರೆ. ಕೇಳದಿದ್ದರೂ ಮರ್ಯಾದೆಗೆ ಒತ್ತಬೇಡ. ನಾನು ಒತ್ತಿದೆ. ಪರೀಕ್ಷೆ ಮಾಡುವ ಹುಡುಗಿ ನಕ್ಕು, "ತಾತಾ, ಇವಾಗ ನಾನು ಸದ್ದೇ ಕೊಟ್ಟಿಲ್ಲ" ಎಂದಳು.

ಮೊದಲ ದಿನವೇ ಬೆಳಗಿನಿಂದ ಸಂಜೆವರೆಗೆ ಹಾಕಿಕೊಳ್ಳಬೇಡ. ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಅಭ್ಯಾಸ ಮಾಡು. ನಮ್ಮ ಮನೆಯಲ್ಲಿ ಇಷ್ಟು ಸದ್ದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಸ್ಟೀಲ್ ಲೋಟ ಇಟ್ಟರೆ ತಲೆಯ ಮೇಲೆ ಇಟ್ಟ ಹಾಗಿತ್ತು. ನನ್ನ ದನಿಯೇ ಯಾರೋ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ನಾನು ನಡೆಯುವಾಗ ಚಪ್ಪಲಿ ಕಿರಗುಟ್ಟುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಸ್ನಾನಕ್ಕೆ ಹೋಗುವಾಗ ಮರೆಯದೆ ತೆಗೆ. ನಾನು ಮರೆತೆ. ನೆನೆದುಹೋಯಿತು. ರಾಮಲಕ್ಷ್ಮಮ್ಮ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದವಳು ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಶಿಫ್ಟಿನಿಂದ ಬಂದ ಕದಿರೇಶ ಅದನ್ನು ಅಗೆದು ತೆಗೆದು, "ಅಮ್ಮಾ, ಇದರ ತೂತಿಗೆಲ್ಲ ತೌಡು ತುಂಬ್ಕೊಂಡಿದೆ" ಎಂದು ತಲೆ ಚಚ್ಚಿಕೊಂಡ. ಮಿಷನ್ ಜೊತೆಗೆ ಒಂದು ಒಣ ಡಬ್ಬಿ ಕೊಡುತ್ತಾರೆ, ದಿನಾ ಮಲಗುವಾಗ ಅದರಲ್ಲೇ ಇಡು. ಕಿವಿಯ ಗುಗ್ಗೆ ಕಟ್ಟಿಕೊಳ್ಳುವ ತುದಿಯನ್ನು ವಾರಕ್ಕೊಮ್ಮೆ ಸಣ್ಣ ಬ್ರಷ್ಷಿನಿಂದ ಒರೆಸು.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಈಗಿನ ಮಿಷನ್ನುಗಳನ್ನು ಫೋನಿಗೆ ಜೋಡಿಸುತ್ತಾರೆ. ಬ್ಲೂಟೂತ್ ಅಂತ. ಯಾರ ಫೋನಿಗೆ ಜೋಡಿಸುತ್ತಾರೆಂದು ಮೊದಲೇ ಕೇಳಿಕೋ. ನನ್ನದು ಗುಂಡಿಯ ಫೋನು, ಅದಕ್ಕೆ ಕೂಡಲಿಲ್ಲ. ಆದ್ದರಿಂದ ಕದಿರೇಶ ರಾಮಲಕ್ಷ್ಮಮ್ಮನ ದೊಡ್ಡ ಫೋನಿಗೆ ಜೋಡಿಸಿದ. ಸದ್ದು ಹೆಚ್ಚು ಕಡಿಮೆ ಮಾಡಲು ಅದರಲ್ಲಿ ಅನುಕೂಲವಿದೆ ಎಂದ. ಅವಳಿಗೆ ಬರುವ ಕರೆ ನನ್ನ ಕಿವಿಗೆ ಬೀಳುತ್ತದೆಂದು ಅವನಿಗೂ ಹೊಳೆದಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಇತ್ತು. ಮಧ್ಯಾಹ್ನ ಊಟ ಮುಗಿಸಿ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಇದ್ದಕ್ಕಿದ್ದಂತೆ ನನ್ನ ತಲೆಯೊಳಗೆ ನಮ್ಮ ಶೋಭಾರಾಣಿಯ ದನಿ ಬಂತು. "ಅಮ್ಮಾ, ಊಟ ಆಯ್ತಾ?" ಎಂದಳು. ಪೇಪರ್ ಕೆಳಗಿಟ್ಟು ಗೇಟಿನ ಕಡೆ ನೋಡಿದೆ. ಯಾರೂ ಇಲ್ಲ. ಮಗಳು ಹುತ್ತೂರಿನಿಂದ ಬಂದಿದ್ದಾಳೆ, ಒಳಗೆ ಹೋಗಿದ್ದಾಳೆ ಎಂದುಕೊಂಡು ನಡುಮನೆಗೆ ಹೋದೆ. ಅಲ್ಲಿಯೂ ಇಲ್ಲ. ದನಿ ಮಾತ್ರ ನನ್ನ ಜೊತೆಗೇ ನಡೆದು ಬರುತ್ತಿತ್ತು. ಹಿತ್ತಿಲಿಗೆ ಹೋದರೆ ರಾಮಲಕ್ಷ್ಮಮ್ಮ ಫೋನನ್ನು ಒಂದು ಕಿವಿಗೆ, ಇನ್ನೊಂದು ಕಿವಿಗೆ ಇಟ್ಟುಕೊಂಡು, "ಹಲೋ, ಹಲೋ, ಏನೂ ಕೇಳಿಸ್ತಿಲ್ಲ ಕಣೇ, ಜೋರಾಗಿ ಮಾತಾಡೇ" ಎನ್ನುತ್ತಿದ್ದಳು. ಹಬ್ಬಕ್ಕೆ ಬಾ, ಅಪ್ಪಂಗೆ ಈಗ ಚೆನ್ನಾಗಿ ಕೇಳಿಸುತ್ತೆ, ನೀನೇ ಮಾತಾಡು ಎಂದೂ ಹೇಳಿದಳು. ಮಗಳ ಮಾತು ಅವಳಿಗೆ ಕೇಳುತ್ತಿರಲಿಲ್ಲ. ಅದೆಲ್ಲ ನನಗೆ ಕೇಳುತ್ತಿತ್ತು.

ಶೋಭಾರಾಣಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಇವಾಗ ಕೇಳಿಸುತ್ತೆ ಅಂತೀಯಲ್ಲಮ್ಮ, ಆವಾಗ ಕೇಳಿಸ್ಲಿಲ್ವಾ? ಮದುವೆ ಬೇಡ ಅಪ್ಪಾ, ಬಿ.ಎಡ್. ಅರ್ಜಿ ತಂದಿದೀನಿ, ಒಂದು ವರ್ಷ ತಡಿ ಅಂತ ಎದುರಿಗೆ ನಿಂತು ಹೇಳ್ದೆ. ಆಯ್ತಮ್ಮ, ಹಂಗೇ ಮಾಡೋಣ ಅಂದ. ನಾನು ನಂಬ್ಕೊಂಡು ಒಂದು ವಾರ ಕಾದೆ ಕಣಮ್ಮ. ಎಂಟನೇ ದಿನ ಚಪ್ಪರ ಹಾಕಿಸ್ದ. ನಾನು ಅವನ ಹತ್ರ ಏನು ಮಾತಾಡ್ಲಿ?"

ಇವಳು "ಹಲೋ, ಹಲೋ" ಎಂದು ಫೋನ್ ಅಲ್ಲಾಡಿಸಿ ಕಟ್ ಮಾಡಿದಳು. ನನ್ನನ್ನು ನೋಡಿ, "ಯಾಕ್ ಹಂಗೆ ನಿಂತಿದೀರಾ? ಮಿಷನ್ ಕೆಟ್ಟೋಯ್ತಾ?" ಎಂದು ಕೇಳಿದಳು. ಇಲ್ಲ ಎಂದೆ.

ವೇಣು, ಆ ಮಾತು ನನಗೆ ಕೇಳಿಸಿರಲಿಲ್ಲ. ಆಗ ನನ್ನ ಕಿವಿ ಎಷ್ಟು ಹೋಗಿತ್ತೆಂದು ನಿನಗೊಬ್ಬನಿಗೇ ಗೊತ್ತಿದ್ದದ್ದು. ಹೆಂಚಿನ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಹಿಡಿದು ಓಡಾಡುತ್ತಿದ್ದ ನೀನು, ಸೂಪರ್‌ವೈಸರ್ ಕೂಗಿದಾಗಲೆಲ್ಲ ನನ್ನ ಭುಜ ತಟ್ಟುತ್ತಿದ್ದೆ. ಕಿವಿ ಹೋಗಿದೆ ಎಂದು ತಿಳಿದರೆ ಹೆಂಚು ಒತ್ತುವ ಪ್ರೆಸ್ಸಿನಿಂದ ತೆಗೆದು ಹೆಂಚು ಹೊರಲು ಹಾಕುತ್ತಾರೆಂದು ಮನೆಯಲ್ಲಿಯೂ ಮುಚ್ಚಿಟ್ಟಿದ್ದೆ. ಯಾರು ಏನು ಹೇಳಿದರೂ ಮುಖ ನೋಡಿ, ನಗುತ್ತಿದ್ದರೆ ನಕ್ಕು, ಏನೋ ಬೇಡುವಂತೆ ಕಂಡರೆ "ಆಯ್ತು, ಹಂಗೇ ಮಾಡೋಣ" ಎಂದುಬಿಡುತ್ತಿದ್ದೆ. ಹೆಚ್ಚಿನ ಸಲ ಅದು ಸರಿಹೋಗುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಕದಿರೇಶ ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ಮೂರು ಸಲ ಕರೆದು ಕಂಡುಹಿಡಿಯುವ ತನಕ ಮನೆಯವರಿಗೆ ಗೊತ್ತಾಗಲಿಲ್ಲ.

ಮದುವೆಯಾಗಿ ಹನ್ನೆರಡು ವರ್ಷ. ಅವಳು ಬಂದರೆ ಅಡಿಗೆಮನೆಯಲ್ಲೇ ಇದ್ದು ಹೋಗುತ್ತಿದ್ದಳು. ಕಿವುಡನ ಹತ್ತಿರ ಕೂಗಿ ಕೂಗಿ ಸಾಕಾಗಿದೆ ಎಂದುಕೊಂಡಿದ್ದೆ. ಮಿಷನ್ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ಆಸೆಯಿಂದಲೇ ಹಾಕಿಸಿಕೊಂಡಿದ್ದು.

ಸಂಜೆ ರಾಮಲಕ್ಷ್ಮಮ್ಮನಿಗೆ ಎಲ್ಲ ಹೇಳಿದೆ. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವಳು ಸೆರಗಿನ ತುದಿ ತಿರುವುತ್ತ, "ಅಪ್ಪ ಒಪ್ಕೊಂಡ್ರು ಅಂತ ಅವಳು ಕುಣೀತಾ ಬಂದು ಹೇಳಿದ್ಲು. ಆಮೇಲೆ ಚಪ್ಪರ ಬಂತು. ನೀವು ಮನಸ್ಸು ಬದಲಾಯಿಸಿದ್ರಿ ಅಂದ್ಕೊಂಡೆ. ಗಂಡಸರು ಬದಲಾಯಿಸ್ತಾರೆ, ನಾವು ಕೇಳಕ್ಕಾಗುತ್ತಾ?" ಎಂದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಯಾರ ತಪ್ಪು ಎಂದು ಲೆಕ್ಕ ಹಾಕಲು ಹೋದರೆ ನನಗೆ ತಲೆ ತಿರುಗುತ್ತದೆ.

ಹಬ್ಬ ಕಳೆದ ಮೇಲೆ ಹುತ್ತೂರಿಗೆ ಹೋದೆ. ಕೋಲಾರದ ಬಸ್ ಸ್ಟ್ಯಾಂಡಿನ ಗದ್ದಲ ತಡೆಯಲಾರದೆ ಮಿಷನ್ ಎರಡನ್ನೂ ತೆಗೆದು ಜೇಬಿಗೆ ಹಾಕಿದ್ದೆ. ಮಗಳ ಮನೆ ಬಾಗಿಲಲ್ಲಿ ಮತ್ತೆ ಹಾಕಿಕೊಂಡೆ. ಅಳಿಯ ಸೊಪ್ಪು ತರಲು ತೋಟಕ್ಕೆ ಹೋಗಿದ್ದ. ಅವಳು ರೇಷ್ಮೆ ಹುಳುಮನೆಯಲ್ಲಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಒಳಗೆ ಕಾಲಿಟ್ಟರೆ ಸುತ್ತಲೂ ಸಣ್ಣಗೆ ಚರಚರ ಸದ್ದು. ಮತ್ತೆ ಮಿಷನ್ ಕೆಟ್ಟಿತೋ ಎಂದು ಕಿವಿ ಮುಟ್ಟಿ ನೋಡಿಕೊಂಡೆ.

"ಹುಳ ಮೇಯ್ತಿದಾವೆ" ಎಂದಳು. ಅವಳಾಗಿಯೇ ನನ್ನೊಡನೆ ಮಾತು ತೆಗೆದು ಎಷ್ಟು ಕಾಲವಾಗಿತ್ತೋ.

ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು. "ಶೋಭಾ, ಮದುವೆ ಬೇಡ ಅಂತ ನೀನು ಹೇಳಿದ್ದು ನಂಗೆ ಆವತ್ತು ಕೇಳಿಸ್ಲಿಲ್ಲಮ್ಮ" ಎಂದೆ.

ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಕೇಳಿಸ್ದಲೇ ಆಯ್ತು ಅಂತ ಯಾಕಂದೆ?"

"ನಾನು ಎಲ್ಲದಕ್ಕೂ ಹಂಗೇ ಅಂತಿದ್ದೆ."

"ಎಲ್ಲದಕ್ಕೂ?"

"ಹೂಂ. ನೀನು ಯಾವ್ದೋ ಸೀರೆ ವಿಷಯ ಕೇಳ್ತಿದೀಯ ಅಂದ್ಕೊಂಡೆ."

ಆಗ ಕೈ ನಿಂತಿತು. ತಟ್ಟೆಯ ಅಂಚು ಹಿಡಿದು ನನ್ನನ್ನೇ ನೋಡಿದಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ.

"ಹನ್ನೆರಡು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಕೊಂಡು ದಿನ ತಳ್ದೆನಪ್ಪ. ಈಗ ಅದನ್ನೂ ಕಿತ್ಕೊಳಕ್ಕೆ ಬಂದ್ಯಾ" ಎಂದಳು.

ಅಭ್ಯಾಸಬಲದಿಂದ ಬಾಯಿಗೆ "ಆಯ್ತಮ್ಮ" ಎಂದೇ ಬಂತು. ಹಲ್ಲು ಕಚ್ಚಿ ತಡೆದುಕೊಂಡೆ. "ಇನ್ನೊಂದ್ಸಲ ಹೇಳು" ಎಂದುಬಿಟ್ಟೆ. ಕೇಳಿಸಿತ್ತು, ಆದರೂ ಹಾಗಂದೆ. ಅವಳು ಕೈ ತೊಳೆದು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಊಟಕ್ಕೆ ಬಂದ ಅಳಿಯ ಮಿಷನ್ ನೋಡಿ, "ಮಾವಾ, ಇನ್ಮೇಲೆ ನಿಮ್ಮ ಹತ್ರ ಹುಷಾರಾಗಿರ್ಬೇಕು" ಎಂದು ತಮಾಷೆ ಮಾಡಿದ. ಒಳ್ಳೆಯವನು, ಅವನನ್ನು ದೂರುವಂತಿಲ್ಲ. ಅದೇ ನನ್ನನ್ನು ಇನ್ನೂ ಗೊಂದಲಕ್ಕೆ ಹಾಕುತ್ತದೆ. ಅವನು ಕೆಟ್ಟವನಾಗಿದ್ದರೆ ನಾನು ಏನು ಕಳೆದೆ ಎಂಬುದು ಸುಲಭವಾಗಿ ತಿಳಿಯುತ್ತಿತ್ತು. ಅವಳು ಟೀಚರ್ ಆಗುತ್ತಿದ್ದಳೋ, ಆಗಿ ಸುಖವಾಗಿರುತ್ತಿದ್ದಳೋ, ಯಾರಿಗೆ ಗೊತ್ತು. ಗೊತ್ತಿಲ್ಲದ್ದಕ್ಕೆ ಎಷ್ಟು ದುಃಖಪಡಬೇಕು ಎಂದು ನನಗೆ ಅಂದಾಜು ಸಿಗುತ್ತಿಲ್ಲ.

ನಾನು ಊರಿಗೆ ಬಂದ ಮೇಲೆ ಕದಿರೇಶ ಮಿಷನ್ನನ್ನು ಫೋನಿನಿಂದ ಬಿಡಿಸಿದ. ಹತ್ತು ದಿನ ಬಿಟ್ಟು ಅವಳೇ ಅವರಮ್ಮನ ಫೋನಿಗೆ ಮಾಡಿ ಅಪ್ಪನಿಗೆ ಕೊಡು ಎಂದಳು. "ಹುಳ ನಾಲ್ಕನೇ ಜ್ವರ ಮುಗಿಸಿದಾವೆ. ಏನಂದೆ ಹೇಳು" ಎಂದಳು. ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಹುಳ ನಾಲ್ಕನೇ ಜ್ವರ ಮುಗಿಸಿದಾವೆ ಎಂದೆ. "ಮಗಂಗೆ ನೆಗಡಿ. ಏನಂದೆ?" ಮಗನಿಗೆ ನೆಗಡಿ ಎಂದೆ. ಈಗ ವಾರಕ್ಕೆ ಎರಡು ಸಲ ಮಾಡುತ್ತಾಳೆ. ಪ್ರತಿ ಮಾತಿಗೂ ನಾನು ಒಪ್ಪಿಸಬೇಕು, ಆಮೇಲೆಯೇ ಮುಂದಿನ ಮಾತು. ಶಾಲೆಯ ಹುಡುಗನ ಹಾಗೆ ನಿಂತುಕೊಂಡೇ ಒಪ್ಪಿಸುತ್ತೇನೆ. ಕ್ಷಮಿಸಿದ್ದಾಳೋ, ಶಿಕ್ಷೆ ಕೊಡುತ್ತಿದ್ದಾಳೋ ಅರ್ಥವಾಗುವುದಿಲ್ಲ. ಕೇಳುವ ಧೈರ್ಯವೂ ಇಲ್ಲ. ಫೋನ್ ಬಂದರೆ ಸಾಕು ಎನಿಸುತ್ತದೆ.

ನೀನು ಮಿಷನ್ ಹಾಕಿಸಿಕೋ, ತಡ ಮಾಡಬೇಡ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದು ಮನೆಯಲ್ಲಿ ಶಾಮಲಮ್ಮನಿಗೆ ಇವತ್ತೇ ಹೇಳು. ಆ ತಾಯಿಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗಳು ಪಿ.ಯು.ಸಿ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯಲಿ, ಅವಳು ಓದಬೇಕೆಂದಷ್ಟು ಓದಲಿ ಎಂದು ಈ ಮುದುಕನ ಆಶೀರ್ವಾದ ತಿಳಿಸು.

ನಿನ್ನವನೇ ಆದ
ಆವಲಪ್ಪ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಹುತ್ತೂರಿನಲ್ಲಿ ನನ್ನನ್ನು ಬಸ್ ಹತ್ತಿಸಲು ಬಂದಾಗ ಶೋಭಾರಾಣಿ ಇನ್ನೊಂದು ಮಾತು ಹೇಳಿದಳು. ಅವಳು ಮದುವೆ ಬೇಡ ಎಂದ ದಿನ ಜಗಲಿಯ ಮೇಲೆ ನಾನೊಬ್ಬನೇ ಇರಲಿಲ್ಲವಂತೆ. ಅಕ್ಷರ ದುಂಡಗಿದೆ ಎಂದು ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯಲು ನಿನ್ನನ್ನು ಕರೆಸಿದ್ದೆನಂತೆ. "ವೇಣು ಮಾವ ಪಕ್ಕದಲ್ಲೇ ಕೂತಿದ್ರು. ನಾನು ಹೇಳಿ ಮುಗಿಸೋ ತನಕ ಪೆನ್ನು ನಿಲ್ಸಿದ್ರು, ಆಮೇಲೆ ಬರೆಯೋಕೆ ಶುರು ಮಾಡಿದ್ರು. ತಲೆ ಎತ್ತಲಿಲ್ಲ. ನೀನು ಆಯ್ತು ಅಂದಿದ್ದಕ್ಕೆ ನಾನು ಅದನ್ನ ಆವಾಗ ತಲೆಗೆ ಹಾಕ್ಕೊಳ್ಳಿಲ್ಲ" ಎಂದಳು. ಆಗ ನಿನ್ನ ಎರಡು ಕಿವಿಯೂ ಚೆನ್ನಾಗಿದ್ದವು. ನನಗೆ ಕೇಳಿಸಿಲ್ಲ ಎಂದು ಊರಿನಲ್ಲಿ ನಿನಗೊಬ್ಬನಿಗೇ ತಿಳಿಯಬಹುದಿತ್ತು. ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಸಲ ಭುಜ ತಟ್ಟಿದವನು ಆವತ್ತು ಯಾಕೆ ತಟ್ಟಲಿಲ್ಲ? ಮದುವೆ ನಿಂತರೆ ನನಗೆ ಅವಮಾನ ಎಂದುಕೊಂಡೆಯಾ? ಇಲ್ಲ, ಅವಳು ತಪ್ಪು ನೆನಪಿಟ್ಟುಕೊಂಡಿದ್ದಾಳೆಯೇ? ಹರಿದು ಹಾಕಿದ ಎರಡು ಪತ್ರಗಳಲ್ಲಿಯೂ ಇದೊಂದೇ ಇತ್ತು. ನೀನು ಹೌದು ಎಂದರೆ ನಿನ್ನ ಮೇಲೆ ಸಿಟ್ಟು ಬರುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಏನಿದ್ದರೂ ಬರೆ.